ಹಿಮದ ಮ್ಯಾಲ ಹತ್ತು ಜೊತಿ ಬೂಟು

ಬೂಟು ಹರಿದಿರಲಿಲ್ರಿ. ಒಂದು ಹೊಲಿಗಿ ಸೈತ ಬಿಚ್ಚಿರಲಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಆ ವರ್ಷ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಾಗ, ಹಡಗಲಿ ಬಸ್ಸಿನಾಗ, ಕೊಟ್ಟೂರಿನ ಚಾದಂಗಡ್ಯಾಗ ಎಲ್ಲಿ ನಿಂತ್ರೂ ನನ್ನ ಕಿವಿಗೆ ಬಿದ್ದದ್ದು ಒಂದ ಮಾತು: "ಗಾದಿಲಿಂಗಪ್ಪ ಹೊಲಿದ ಬೂಟು ಹಿಮಾಲಯದಾಗ ಬಾಯಿ ಬಿಟ್ವಂತ. ಪಾಪ, ಏಕಾಂತಪ್ಪನ ಎರಡು ಕಾಲಬೆರಳು ಹೋದ್ವಂತ."

ಗಾದಿಲಿಂಗಪ್ಪ ನಮ್ಮ ಸೋದರಮಾವ. ನಮ್ಮವ್ವನ ಖಾಸಾ ಅಣ್ಣ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೆ ಅವನದೊಂದು ತಗಡಿನ ಅಂಗಡಿ. ಬೂಟು ಅವನ ಹತ್ರ ಹೊಲಿಸ್ರಿ ಅಂತ ನಮ್ಮ ಚಾರಣ ಬಳಗದಾಗ ಎದ್ದು ಹೇಳಿದೋನು ನಾನು. ಆ ಬೂಟು ಹಾಕ್ಕೊಂಡು ಹದಿನಾಲ್ಕು ಸಾವಿರ ಅಡಿ ಹತ್ತಿದ ಹತ್ತು ಮಂದ್ಯಾಗ ಒಬ್ಬ ನಾನು. ನನಗ ಗೊತ್ತಿಲ್ಲಂದ್ರ ಇನ್ಯಾರಿಗೆ ಗೊತ್ತಿರಬೇಕು ಹೇಳ್ರಿ?

ಎಂಬತ್ಮೂರನೇ ಇಸವಿ. ನಾನು ಹಗರಿಬೊಮ್ಮನಹಳ್ಳ್ಯಾಗ ಗುಮಾಸ್ತ. ಹೊಸಾ ನೌಕರಿ, ಇಪ್ಪತ್ಮೂರು ವಯಸ್ಸು, ಕಾಲು ಒಂದು ಕಡಿ ನಿಲ್ತಿದ್ದಿಲ್ಲ. ಉಜ್ಜಿನಪ್ಪ ಮಾಸ್ತರು ಅಂತ ಒಬ್ಬರು ಹೈಸ್ಕೂಲಿನ ಡ್ರಿಲ್ ಮಾಸ್ತರು, ಹರಪನಹಳ್ಳ್ಯಾಗ ಹೆಬ್ಬಂಡೆ ಚಾರಣ ಬಳಗ ಅಂತ ಕಟ್ಟಿದ್ರು. ಬ್ಯಾಸಿಗಿ ಬಂತಂದ್ರ ಐತವಾರ ಐತವಾರ ನಡಿಗಿ. ಗುಡೇಕೋಟಿ ಬಂಡಿಗಲ್ಲು ಹತ್ತೋದು, ಉಚ್ಚಂಗಿದುರ್ಗ ಹತ್ತಿ ಹಿಂದಿನಿಂದ ಇಳಿಯೋದು, ಸಂಡೂರಿನ ಗಂಡ್ಯಾಗ, ಅಂದ್ರ ಎರಡು ಗುಡ್ಡ ಸೀಳಿಕೊಂಡು ಹಳ್ಳ ಹರಿಯೋ ಇಕ್ಕಟ್ಟಿನಾಗ, ಕಲ್ಲಿಂದ ಕಲ್ಲಿಗೆ ಜಿಗಿಯೋದು. ಮಾಸ್ತರು ಐವತ್ತರ ಹತ್ರ ಇದ್ರೂ ಹೋತಿನಂಗ ಏರೋರು. ಸುಳ್ಳು ಯಾಕ ಹೇಳ್ಲಿ, ನನಗ ಅವರಂದ್ರ ಪ್ರಾಣ. ಬಳಗದಾಗ ನಮ್ಮ ಕೇರಿಯೋನು ನಾನೊಬ್ಬನ ಇದ್ದೆ. ಮಾಸ್ತರು ನನ್ನ ಹೆಗಲ ಮ್ಯಾಲ ಕೈ ಹಾಕಿ "ಗುಡ್ಡಕ್ಕ ಜಾತಿ ಇಲ್ಲೋ ಕೊಟ್ರಾ" ಅಂದಿದ್ರು. ಆ ಮಾತಿಗೆ ನಾನು ಒಂದು ವರ್ಷ ಉಬ್ಬಿಕೊಂಡು ಅಡ್ಡಾಡಿದೆ.

ಮೇ ತಿಂಗಳಿಗೆ ಹಿಮಾಲಯ ಅಂತ ನಿಶ್ಚಯ ಆತು. ಕುಲು ಕಡಿಯಿಂದ ಹತ್ತಿ, ಒಂದು ದೊಡ್ಡ ಗಂಡಿ ಹಾದು, ಎರಡು ಶಿಖರದ ನಡುವಿನ ಹಿಮದ ಕಣಿವಿ ಹತ್ತಿ ದಾಟಿ ಆಚಿಗೆ ಇಳಿಯೋದು. ಆದ್ರ ಬೂಟು? ನಮ್ಮ ಕಡಿ ಕ್ಯಾನ್ವಾಸ್ ಬೂಟು ಬಿಟ್ರ ಏನೂ ಸಿಗ್ತಿದ್ದಿಲ್ಲ. ನಾನು ಎದ್ದು ನಿಂತು "ನಮ್ಮ ಮಾವ ಹೊಲೀತಾನ್ರಿ" ಅಂದೆ.

ನಮ್ಮ ಮಾವನ ಕೆಲಸ ಹೆಂಗಂದ್ರ, ಅಳತಿ ತಗೊಳ್ಳಾಕ ಮುಂಜಾನಿ ಹೋದ್ರ ಬೈದು ಕಳಸ್ತಾನ.

"ಸಂಜಿಗೆ ಬರ್ರಿ. ಅದೂ ಐದು ಮೈಲಿ ನಡದು ಬರ್ರಿ" ಅಂದ ಎಲ್ಲಾರಿಗೂ. "ಮುಂಜಾನಿ ಕಾಲು ಸುಳ್ಳು ಹೇಳ್ತೈತಿ. ಸಂಜಿ ಕಾಲು ಖರೆ ಹೇಳ್ತೈತಿ."

ಬಾಗಳಿ ದಾರಿ ಹಿಡದು ಐದು ಮೈಲಿ ತಿರುಗಿ ಬಂದು ಅಂಗಡಿ ಮುಂದ ಸಾಲಾಗಿ ನಿಂತ್ವಿ. ಒಬ್ಬೊಬ್ಬರನ್ನ ಹಳೇ ಪೇಪರ್ ಮ್ಯಾಲ ನಿಂದ್ರಿಸಿ ಪೆನ್ಸಿಲ್‌ನಿಂದ ಪಾದದ ಸುತ್ತ ಗೆರಿ ಎಳದ. ನಾನು ಪೇಪರ್ ಮ್ಯಾಲ ಹೆಸರು ಬರದೆ. ಏಕಾಂತಪ್ಪನ ಸರದಿ ಬಂದಾಗ ಪೆನ್ಸಿಲ್ ಪೇಪರಿನ ಅಂಚು ದಾಟಿ ನೆಲಕ್ಕ ಹೋತು. ಏಕಾಂತಪ್ಪ ಕಿರಾಣಿ ಅಂಗಡಿಯವರ ಮಗ, ನನ್ನ ವಾರಿಗಿಯೋನು, ಮೈ ಕೈ ತುಂಬಿಕೊಂಡಾನ.

"ಇದೇನ್ರಿ ಸಾವಕಾರ್ರ, ಕಾಲೋ ಮರಾನೋ? ಜ್ವಾಳ ಹಸನು ಮಾಡಬಹುದಲ್ಲ ಇದ್ರಾಗ" ಅಂದ್ಲು ನಮ್ಮತ್ತಿ ಮಾಳಮ್ಮ.

"ನಕ್ಕೋ ಬೇ, ನಕ್ಕೋ. ಚರ್ಮ ಜಾಸ್ತಿ ಹೋಗ್ತೈತಿ ಅಂತ ನಿನಗ ಹೊಟ್ಟಿ ಉರಿ" ಅಂದ ಏಕಾಂತಪ್ಪ. ಎಲ್ಲಾರೂ ನಕ್ರು.

ಉಜ್ಜಿನಪ್ಪ ಮಾಸ್ತರೊಬ್ಬರು ಬರಲಿಲ್ಲ. ಮುಂಜಾನಿ ಜಳಕ ಮಾಡಿ ಮನ್ಯಾಗ ತಾವ ಗೆರಿ ಎಳಕೊಂಡು ಪೇಪರ್ ಕಳಿಸಿದ್ರು. ಮಾವ ಅದನ್ನ ಬೆಳಕಿಗೆ ಹಿಡದು ನೋಡಿ, "ಇದು ತಂಗಳ ಕಾಲು, ನಡದು ಊದಿದ್ದಲ್ಲ. ಬಿಗಿ ಆಗ್ತೈತಿ ಅಂತ ಹೇಳು ಅಳಿಯಾ" ಅಂದ. ಹೇಳಿದೆ. ಮಾಸ್ತರು "ಅವನಿಗೇನು ಗೊತ್ತೋ, ನನ್ನ ಕಾಲು ನನಗ ಗೊತ್ತಿಲ್ಲೇನು" ಅಂದ್ರು.

ಎರಡು ತಿಂಗಳು ಹೊಲಿದ. ತಳಕ್ಕ ಲಾರಿ ಟಾಯರು, ದಾರಕ್ಕ ಜೇನುಮೇಣ, ಒಂದೊಂದು ಹೊಲಿಗಿಗೂ ಎರಡೆರಡು ಗಂಟು. ಒಳಗ ಎರಡು ಜೊತಿ ಉಣ್ಣಿ ಕಾಲುಚೀಲಕ್ಕ ಜಾಗ ಬಿಟ್ಟಿದ್ದ. ಬೂಟಿನ ನಾಲಿಗಿ ಮ್ಯಾಲ ದಬ್ಬಳದಿಂದ ಚುಚ್ಚಿ ಸಣ್ಣದೊಂದು 'ಗಾ' ಅಂತ ಬರದ. ಮೂವತ್ತು ವರ್ಷ ಮಂದಿ ಕಿತ್ತೋದ ಚಪ್ಪಲಿಗೆ ಮೊಳಿ ಬಡದೋನು, ತನ್ನ ಹೆಸರು ಯಾವುದಕ್ಕೂ ಹಾಕಿದ್ದಿಲ್ಲ.

ಬೂಟು ಪಳಗಲಿ ಅಂತ ಸಂಡೂರಿನ ಗಂಡಿಗೆ ಹೋದಾಗ ದಾವಣಗೆರಿ ಚಾರಣ ಕೂಟದ ಹಾಲಸ್ವಾಮಿ ಜೊತಿಗೆ ಬಂದಿದ್ದ. ಒದ್ದಿ ಬಂಡಿಗಲ್ಲ ಮ್ಯಾಲ ನಾವು ಸಲೀಸಾಗಿ ನಿಂತದ್ದು ನೋಡಿ ದಂಗಾದ. ವಾಪಸ್ ಬಂದು ಮಾವನ ಅಂಗಡಿಗೇ ಹೋಗಿ ಹೇಳಿದ: "ಇವರು ಹಿಮಾಲಯಕ್ಕೆ ಹೋಗಿ ಬರ್ಲಿ ಕಣಪ್ಪ. ಬೂಟು ತಡಕೊಂಡ್ರೆ ಮುಂದಿನ ಬೇಸಿಗೆಗೆ ನಮಗೆ ನಲವತ್ತು ಜೊತೆ. ನಿನ್ನ ಹೆಸರಿನ ಮ್ಯಾಲೆ."

ಮಾವ ಅವತ್ತು ಉಣ್ಣಲಿಲ್ಲ. "ನನ್ನ ಹೆಸರಿನ ಮ್ಯಾಲ ಅಂದ್ನಲ್ಲೇನ್ಲೇ?" ಅಂತ ನನ್ನ ಮೂರು ಸಲ ಕೇಳಿದ.

ಇಷ್ಟು ತಿಳಕೊಂಡು ಮುಂದ ಕೇಳ್ರಿ.

ರೈಲಿನಾಗ ಮೂರು ದಿನ, ಬಸ್ಸಿನಾಗ ಒಂದು ದಿನ. ಅಲ್ಲಿ ನಮಗ ದಾರಿ ತೋರ್ಸಾಕ ದೋರ್ಜೆ ಅಂತ ಒಬ್ಬ ಗುಡ್ಡದ ಮನಿಶ್ಯಾ ಸಿಕ್ಕ. ಗಿಡ್ಡ ಆಳು, ಮಾತು ಕಮ್ಮಿ, ನಗು ಜಾಸ್ತಿ. ಮೊದಲನೇ ದಿನನ ಮಾವನ ಬೂಟು ಎತ್ತಿ ತಳ ಬಗ್ಗಿಸಿ ನೋಡಿ, ನನಗ ಭೇಷ್ ಅಂತ ಹೆಬ್ಬೆಟ್ಟು ತೋರ್ಸಿದ. ನನಗ ಆ ಹೆಬ್ಬೆಟ್ಟು ಮಾವನಿಗೆ ಟಪಾಲಿನಾಗ ಹಾಕಿ ಕಳಸಬೇಕು ಅನ್ನಿಸ್ತು.

ಮೂರನೇ ದಿನ ಆ ಗಂಡಿ ಬಂತು. ಸಂಡೂರಿನ ಗಂಡಿ ಇದರ ಮುಂದ ಮನಿ ಮುಂದಿನ ಗಟಾರ. ಎರಡೂ ಕಡಿ ಗೋಡಿ ಕಟ್ಟಿದಂಗ ಕಲ್ಲು, ಕೆಳಗ ನದಿ ಬೆಳ್ಳಗ ಕುದೀತೈತಿ, ಅದರ ಸಪ್ಪಳಕ್ಕ ಮಗ್ಗಲದಾಗಿನೋನ ಮಾತು ಕೇಳವಲ್ದು. ದಾರಿ ಅಂದ್ರ ಗೋಡ್ಯಾಗ ಕಡದ ಒಂದು ಮೊಳ ಅಗಲದ ಅಂಚು. ಅಲ್ಲಿ ಏಕಾಂತಪ್ಪ ಜಾರಿದ. ನನ್ನ ಕಣ್ಣ ಮುಂದ! ಬಲಗಾಲು ಗಾಳ್ಯಾಗ, ಎಡಗಾಲಿನ ತಳ ಒಂದು ಮೂಲಿಗಲ್ಲಿಗೆ ಕಚ್ಚಿಕೊಂಡು ನಿಂತಿತು. ಲಾರಿ ಟಾಯರು! ನಾನು ಅವನ ಚೀಲ ಹಿಡದು ಎಳದೆ. ಅವನು ಗೋಡಿ ಅಪ್ಪಿಕೊಂಡು ನಿಂತ. ಆಮ್ಯಾಲ ನನ್ನ ಕಿವಿಗೆ ಬಾಯಿ ಹಚ್ಚಿ ಅಂದ:

"ಲೇ ಕೊಟ್ರಾ, ಬೀಳೋವಾಗ ಹರಕಿ ಹೊತ್ತೀನಲೇ. ಮ್ಯಾಲ ಯಾವ ದೇವರು ಮೊದಲು ಕಂಡ್ರೂ ಐದು ಸುತ್ತು ಬರ್ತೀನಿ ಅಂತ."

ಹಿಡದದ್ದು ಬೂಟು, ಹರಕಿ ದೇವರಿಗೆ. ಇರ್ಲಿ ಬಿಡ್ರಿ, ಹೆದರಿದೋನ ಬಾಯಿಗೆ ಬೂಟಿನ ಹೆಸರು ಬರ್ತೈತೇನು?

ಆರನೇ ದಿನ ಹೊತ್ತು ಮುಂಚೆ ಎದ್ದು ಹಿಮದಾಗ ಹತ್ತಿದ್ವಿ. ಮಾಸ್ತರು ಎರಡನೇ ದಿನದಿಂದ ಕುಂಟತಿದ್ರು, ಬೂಟು ಬಿಗಿ. ಯಾರಿಗೂ ಹೇಳಲಿಲ್ಲ. ಹತ್ತು ಗಂಟಿ ಸುಮಾರಿಗೆ ಕಣಿವಿ ನೆತ್ತಿಗೆ ಬಂದ್ವಿ. ಏನಂತ ಹೇಳ್ಲಿ! ಎಲ್ಲಿ ನೋಡಿದ್ರೂ ಬಿಳಿ ಗುಡ್ಡ, ಸಮುದ್ರ ಹೆಪ್ಪುಗಟ್ಟಿದಂಗ. ನಡುವ ಆಳೆತ್ತರದ ಕಲ್ಲುಗುಪ್ಪಿ, ಅದಕ್ಕ ಹಗ್ಗ ಕಟ್ಟಿ ಬಣ್ಣಬಣ್ಣದ ಬಟ್ಟಿ, ಗಾಳಿಗೆ ಪಟಪಟ ಅಂತಾವ. ದೋರ್ಜೆ ಬೂಟುಗಾಲಾಗ ಹೋಗಿ ಒಂದು ಕಲ್ಲು ಇಟ್ಟು, ಕೈ ಮುಗದು, ಬೂಟುಗಾಲಾಗ ಒಂದು ಸುತ್ತು ಬಂದ. ಒಂದು ಬಟ್ಟಿ ಮ್ಯಾಲ ಬುದ್ಧನ ಚಿತ್ರ ಇತ್ತು. ನಮ್ಮ ಮಾವನ ಮನಿ ಗೋಡಿ ಮ್ಯಾಲಿರೋ ಬುದ್ಧ! ನನಗ ಊರಿನೋರು ಸಿಕ್ಕಂಗಾತು.

ಮಾಸ್ತರು ಮಾತ್ರ ಹತ್ತು ಮಾರು ದೂರದಾಗ ನಿಂತು ಕೈ ಅಡ್ಡ ಹಿಡದ್ರು.

"ಯಾರೂ ಮುಂದ ಹೋಗಬ್ಯಾಡ್ರಿ. ದೇವರ ಮುಂದ ಚರ್ಮ ಮೆಟ್ಟಿಕೊಂಡು ಹೋಗ್ತಾರೇನು? ಬೂಟು ಬಿಚ್ರಿ. ಕಾಲುಚೀಲಾನೂ."

ದೋರ್ಜೆ ಓಡಿ ಬಂದ. "ಜೂತಾ ಮತ್ ನಿಕಾಲೋ ಸಾಬ್! ಪೈರ್ ಜಲ್ ಜಾಯೇಗಾ!" ಬೂಟು ಬಿಚ್ಚಬ್ಯಾಡ್ರಿ, ಕಾಲು ಸುಟ್ಟುಹೋಗ್ತಾವ. ನಮ್ಮ ಕಡಿ ಸಂತ್ಯಾಗ ಆಡೋ ಹಿಂದುಸ್ತಾನಿ ಅದು, ಹತ್ತೂ ಮಂದಿಗೆ ತಿಳೀತು. ಮಾಸ್ತರಿಗೂ ತಿಳೀತು.

"ಅವನ ದೇವರಿಗೆ ಅವನು ಏನಾರ ಮಾಡಿಕೊಳ್ಳಲಿ. ನಮಗ ನಮ್ಮ ಪದ್ಧತಿ ಐತಿ" ಅಂದ್ರು. ಎಲ್ಲಾರಿಗಿಂತ ಮೊದಲು ಕುಂತು ಬೂಟು ಕಿತ್ತು ಒಗದು, ಹಾ ಅಂತ ಉಸಿರು ಬಿಟ್ರು. ಆ ಉಸಿರು ಭಕ್ತೀದೋ ಬಿಗಿ ಬೂಟು ಬಿಚ್ಚಿದ್ದೋ ಅಂತ ಈಗ ಕೇಳಬೇಕು ಅನ್ನಿಸ್ತೈತಿ.

ನೀನು ಯಾಕ ಬಿಚ್ಚಿದಿ ಅಂತ ನೀವು ಕೇಳಬಹುದು. ಹೇಳ್ತೀನಿ. ಒಂಬತ್ತು ಮಂದಿ ಬಿಚ್ಚಿ ನಾನೊಬ್ಬ ಬಿಚ್ಚದಿದ್ರ ಏನಂತಿದ್ರು? 'ಇವರಿಗೇನು ಗೊತ್ತು ದೇವರು ದಿಂಡರು, ಚರ್ಮದ ಮಂದಿ' ಅಂತಿದ್ರು. ಆ ಮಾತಿಗೆ ಹೆದರಿ ಬಿಚ್ಚಿದೆ. ಇವತ್ತಿಗೂ ನನ್ನ ಮ್ಯಾಲ ನನಗ ಸಿಟ್ಟು ಬರೋದು ಅದಕ್ಕ.

ಡ್ರಿಲ್ ಮಾಸ್ತರಲ್ರೀ, ಬೂಟೂ ಸಾಲಾಗಿ ಇರಬೇಕು. ಹತ್ತು ಜೊತಿ, ಒಂದ ಗೆರ್‍ಯಾಗ, ಗುಡಿ ಮುಂದ ಇಟ್ಟಂಗ ಇಡಿಸಿದ್ರು. ಕುತ್ತಿಗ್ಯಾಗಿನ ಕ್ಯಾಮೆರಾ ತಗದು "ಶಿಸ್ತು ನೋಡ್ರೋ ಇದು!" ಅಂತ ಫೋಟೊ ಹೊಡಕೊಂಡ್ರು. ಆಮ್ಯಾಲ ಪೂಜಿ. ಕಲ್ಲಿಗೆ ವಿಭೂತಿ ಬಳದ್ರು. ಹರಪನಹಳ್ಳಿಯಿಂದ ಹೊತ್ತು ತಂದ ಟೆಂಗಿನಕಾಯಿ ಹೆಪ್ಪುಗಟ್ಟಿ ಒಡೀವಲ್ದು. ಕರ್ಪೂರ ಗಾಳಿಗೆ ಹತ್ತವಲ್ದು. ಒಂದು ಕಡ್ಡಿಪೆಟ್ಟಿಗಿ ಪೂರ್ತಿ ಗೀರಿದ್ರು. ಹತ್ತೂತನಾ ಬಿಡಂಗಿಲ್ಲ ಅಂತ ಮಾಸ್ತರ ಹಟ. ನಮ್ಮ ಪಾದ ಮೊದಲು ಉರದ್ವು, ಆಮ್ಯಾಲ ಚುಚ್ಚಿದ್ವು, ಆಮ್ಯಾಲ ಏನೂ ಗೊತ್ತಾಗಲಿಲ್ಲ, ಯಾರದೋ ಕಾಲ ಮ್ಯಾಲ ನಿಂತಂಗ. ನಾವು ಒಬ್ಬೊಬ್ಬರ ಓಡಿಹೋಗಿ ಬೂಟು ಏರಿಸಿದ್ವಿ. ಏಕಾಂತಪ್ಪ ಹೋಗಲಿಲ್ಲ. ಅವಂದು ಐದು ಸುತ್ತು ಇತ್ತಲ್ಲ. ಮಣಕಾಲುಮಟ ಹಿಮದಾಗ ಐದು ಸುತ್ತು ಹಾಕಿ ಬಂದು ಕುಂತಾಗ ಅವನ ಬೆರಳು ಮೇಣದಬತ್ತಿ ಇದ್ದಂಗ ಬೆಳ್ಳಗ ಇದ್ವು. ಬೂಟು ಏರವಲ್ದು. ದೋರ್ಜೆ ಅವನ ಪಾದಾನ ತನ್ನ ಅಂಗಿ ಒಳಗ, ಬರಿ ಹೊಟ್ಟಿಗೆ ಒತ್ತಿಕೊಂಡು ಕುಂತ. ಕುಂತು ಏನೋ ತನ್ನ ಭಾಷ್ಯಾಗ ಬೈತಾನ ಬೈತಾನ, ಕಣ್ಣಾಗ ನೀರು.

ಸರದಿ ಮ್ಯಾಲ ಹೊತ್ತುಕೊಂಡು ಕೆಳಗಿನ ಆಸ್ಪತ್ರಿ ಸೇರಿಸೋ ಹೊತ್ತಿಗೆ ಎಡಗಾಲಿನ ಕಿರಿಬೆರಳು, ಅದರ ಮಗ್ಗಲದ ಬೆರಳು ನೇರಳಿಹಣ್ಣಾಗಿದ್ವು. ಊರಿಗೆ ಬಂದ ಮ್ಯಾಲ ಎರಡನ್ನೂ ತಗದ್ರು.

ವಾಪಸ್ ರೈಲಿನಾಗ, ಏಕಾಂತಪ್ಪ ಮ್ಯಾಲಿನ ಬರ್ತಿನಾಗ ನರಳಕೋತ ಮಲಗಿದ್ದಾಗ, ಮಾಸ್ತರು ನಮ್ಮನ್ನ ಕುಂದ್ರಿಸಿಕೊಂಡು ಹೇಳಿದ್ರು: "ಊರಾಗ ಕೇಳಿದ್ರ ಬೂಟಿನಾಗ ನೀರು ಹೋತು ಅನ್ರಿ. ಇಲ್ಲಾಂದ್ರ ನಾಳಿ ಯಾರೂ ಮಕ್ಕಳನ್ನ ಬಳಗಕ್ಕ ಕಳಸಂಗಿಲ್ಲ. ಒಂದು ಜೊತಿ ಬೂಟಿನ ಮಾತು, ಯಾರಿಗೇನು ನಷ್ಟ?"

ಯಾರಿಗೇನು ನಷ್ಟ! ಎದುರಿಗೆ ನಾನು ಕುಂತೀನಿ! ನನ್ನ ಕಾಲಾಗ 'ಗಾ' ಅಂತ ಬರದ ಬೂಟು ಐತಿ!

"ಸರ್, ಅವು ನಮ್ಮ ಮಾವ ಹೊಲಿದ ಬೂಟು" ಅಂದೆ.

"ಗೊತ್ತೈತಿ ಬಿಡೋ. ಗಾದಿಲಿಂಗ ಏನು ತಿಳಕೊಳ್ಳಂಗಿಲ್ಲ" ಅಂದ್ರು. ಮಾವ ಅವರಿಗಿಂತ ಆರು ವರ್ಷ ದೊಡ್ಡೋನು.

ಊರಿಗೆ ನಮಗಿಂತ ಮೊದಲು ಸುದ್ದಿ ಮುಟ್ಟಿತ್ತೋ ಏನೋ, ಎಂಟು ದಿನದಾಗ ಮಾವನ ಅಂಗಡಿಗೆ ಚಪ್ಪಲಿ ಹೊಲಿಸಾಕ ಬರೋರೂ "ನೋಡಪಾ, ಹಿಮಾಲಯದ ಹೊಲಿಗಿ ಹಾಕಬ್ಯಾಡ" ಅಂತ ನಗಾಕ ಹತ್ತಿದ್ರು. ನಾನು ಎಲ್ಲಾ ಹೇಳಿದೆ ಮಾವನಿಗೆ. ಅವನು ನಂಬಲಿಲ್ಲ! ತನ್ನ ಅಳಿಯ ತನ್ನ ಮನಸ್ಸು ನೋಯಬಾರದು ಅಂತ ಕತಿ ಕಟ್ಟತಾನ ಅಂದುಕೊಂಡ.

"ಹಿಮದಾಗ ಬೂಟು ಬಿಚ್ಚೋ ಹುಚ್ಚರು ಯಾರದಾರಲೇ? ಓದಿದ ಮಂದಿ ಅವರು" ಅಂದ. "ಬೂಟು ತಂದು ಕೊಡು. ಎಲ್ಲಿ ಬಿಚ್ಚೈತಿ ನೋಡ್ತೀನಿ. ತಪ್ಪು ನಂದಾದ್ರ ದಬ್ಬಳ ಕೆಳಗಿಡ್ತೀನಿ."

ನನ್ನ ಬೂಟು ಕೊಟ್ಟೆ, ತಿರುಗಿಸಿ ಮುರುಗಿಸಿ ನೋಡಿದ. "ಇದು ನಿಂದು. ಏಕಾಂತಪ್ಪಂದು ಬೇಕು."

ಏಕಾಂತಪ್ಪನ ಮನಿಗೆ ಹೋದೆ. ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಿದ್ದ, ಪಟ್ಟಿ ಸುತ್ತಿದ ಕಾಲು. ಅವರವ್ವ ಅನ್ನದಾನಮ್ಮ ಒಳಗಿದ್ಲು. ಏಕಾಂತಪ್ಪ ಸಣ್ಣ ದನಿ ಮಾಡಿ ಅಂದ:

"ಏನು ಹೇಳ್ಲಿ ಕೊಟ್ರಾ? ಹರಕಿ ತೀರ್ಸಾಕ ಹೋಗಿ ಬೆರಳು ಹೋದ್ವು ಅಂದ್ರ ದೇವರು ಹರಕಿ ಒಪ್ಪಲಿಲ್ಲ ಅಂತಾತು. ನಮ್ಮವ್ವ ಈಗಾಗಲೇ ಅರ್ಧ ಆಗ್ಯಾಳ. ಬೂಟು ಅಂದ್ರ ತಪ್ಪು ಬೂಟಿಗೆ ಹೋತು."

"ಬೂಟಿಗೆ ಹೋಗಲಿಲ್ಲಲೇ! ನಮ್ಮ ಮಾವಗ ಹೋತು. ಆ ಗಂಡ್ಯಾಗ ನಿನ್ನ ಹಿಡದದ್ದು ಏನು, ದೇವರೋ ಲಾರಿ ಟಾಯರೋ?"

ಅವನು ಕಾಲು ನೋಡಿಕೋತ ಕುಂತ. ಬೂಟು ಕೇಳಿದ್ರ "ಎಲ್ಲೋ ಅದಾವ" ಅಂದ. ನಾನು ಚಾ ಕುಡೀಲಾರದ ಎದ್ದು ಬಂದೆ.

ಆಗಸ್ಟಿನಾಗ ಬಳಗದ ಸಭಿ. ಹಳೇ ಕ್ಲಬ್ಬಿನ ಹಾಲಿನಾಗ ಮಾಸ್ತರ ಸ್ಲೈಡ್ ಪ್ರದರ್ಶನ. ಮಧ್ಯಾಹ್ನ, ಹಂಗಾಗಿ ಕಿಟಕಿಗೆಲ್ಲಾ ಕರೇ ಕಂಬಳಿ ಕಟ್ಟಿದ್ರು. ದಾವಣಗೆರಿಯಿಂದ ಹಾಲಸ್ವಾಮಿನೂ ಬರ್ತಾನ, ಬೂಟಿನ ಮಾತು ಅವತ್ತ ಮುಗಿಸ್ತಾನ ಅಂತ ಗೊತ್ತಿತ್ತು. ಪ್ರೊಜೆಕ್ಟರು ನಡಸೋದು ನನಗ ಬರ್ತಿತ್ತು, ಹಂಗಾಗಿ ಮಾಸ್ತರು ಮುಂಜಾನಿ ಎರಡು ಡಬ್ಬಿ ಕೊಟ್ರು.

"ಕೆಂಪು ಡಬ್ಬಿಯವು ಸಾಲಾಗಿ ಹಾಕು. ಹಳದಿ ಡಬ್ಬಿಯವು ಮಸುಕು, ಅದರ ತಂಟಿಗೆ ಹೋಗಬ್ಯಾಡ."

ಹೋಗಬ್ಯಾಡ ಅಂದ್ರ ನಾನು ಬಿಡ್ತೀನೇನ್ರಿ? ಒಂದೊಂದ ಸ್ಲೈಡು ಬಿಸಿಲಿಗೆ ಹಿಡದು ನೋಡಿದೆ. ಮಸುಕು, ಮಸುಕು, ಯಾರದೋ ಬೆರಳು ಅಡ್ಡ, ಮಸುಕು. ಎಲ್ಲಾದರ ಅಡಿಗೆ ಒಂದು, ಕನ್ನಡಿ ಇದ್ದಂಗ ಸ್ವಚ್ಛ. ನೀಲಿ ಆಕಾಶ, ಬಿಳಿ ಹಿಮ, ಹತ್ತು ಜೊತಿ ಬೂಟು ಒಂದ ಗೆರ್‍ಯಾಗ. ಹಿಂದ ಕಲ್ಲುಗುಪ್ಪಿ, ಅದರ ಮುಂದ ಬರಿಗಾಲಾಗ ನಿಂತ ನಾವು. ಶಿಸ್ತು ನೋಡ್ರೋ!

ತಗದು ಅಂಗಿ ಜೇಬಿನಾಗ ಇಟಗೊಂಡೆ.

ಮಾವ ಬರಲ್ಲ ಅಂದಿದ್ದ. ಅತ್ತಿ "ಹೋಗು, ನೀನು ಹೋಗದಿದ್ರ ತಪ್ಪು ಒಪ್ಪಿಕೊಂಡಂಗ" ಅಂತ ದೂಡಿ ಕಳಿಸಿದ್ಲು. ಬಂದು ಎಲ್ಲಿ ಕುಂತ ಅಂತೀರಿ? ಕಟ್ಟಕಡೀ ಸಾಲು, ಬಾಗಲ ಹತ್ರ, ಮಂದಿ ಚಪ್ಪಲಿ ಬಿಟ್ಟ ರಾಶಿ ಮಗ್ಗಲಕ್ಕ. ಅದೂ ಆ ರಾಶ್ಯಾಗಿನ ಅರ್ಧ ಅವನು ಹೊಲಿದವು! ಮುಂದ ಬಾ ಅಂತ ಕಣ್ಣು ಸನ್ನಿ ಮಾಡಿದೆ, ಬರಲಿಲ್ಲ.

ಕಂಬಳಿ ಇಳಿಬಿಟ್ರು. ಕತ್ತಲು. ಮಾಸ್ತರು ಕೈಯಾಗ ಕೋಲು ಹಿಡದು ಪರದೆ ಮಗ್ಗಲಕ್ಕ ನಿಂತು ಸ್ಲೈಡ್ ಸ್ಲೈಡಿಗೂ ಮಾತಾಡಿದ್ರು. ಗಂಡಿ ಬಂತು, ಮಂದಿ ಅಬಾಬಾ ಅಂದ್ರು. ಹಿಮ ಬಂತು. ಕಣಿವಿ ನೆತ್ತಿ ಮ್ಯಾಲ ಮಾಸ್ತರು ಬಾವುಟ ಹಿಡದದ್ದು ಬಂತು, ಚಪ್ಪಾಳಿ.

"ಇಲ್ಲಿಂದ ಇಳಿಯೋವಾಗ ನಮಗ ಒಂದು ಪಾಠ ಆತು" ಅಂದ್ರು ಮಾಸ್ತರು. "ಬೂಟು ಕೈಕೊಟ್ವು. ಒಳಗ ಹಿಮ ಹೋತು. ನಮ್ಮ ಏಕಾಂತಪ್ಪ ಎರಡು ಬೆರಳು ಕಳಕೊಂಡ. ಅಗ್ಗಕ್ಕ ಸಿಗ್ತೈತಿ ಅಂತ ಊರಿನ ಮಾಲು ನಂಬಬಾರದು. ದಾವಣಗೆರಿಯವರಿಗೂ ನನ್ನ ಸಲಹಾ ಇದ."

ಹಾಲಸ್ವಾಮಿ ಕತ್ತಲದಾಗ ಹೂಂ ಅಂದದ್ದು ಕೇಳ್ತು. ನಾನು ಜೇಬಿನಾಗಿನ ಸ್ಲೈಡ್ ತಗದು ಹಾಕಿದೆ.

ಪರದೆ ತುಂಬ ಹತ್ತು ಜೊತಿ ಬೂಟು, ಒಂದೊಂದು ಆಡಿನ ಗಾತ್ರ. ಹೊಲಿಗಿ ಎಣಿಸಬಹುದಿತ್ತು.

"ಬೂಟು ಯಾಕ ಬಿಟ್ಟಾರ?" ಅಂದ ಯಾರೋ.

"ದೇವರೈತಲ್ಲೋ ಅಲ್ಲಿ, ಕಾಣವಲ್ದೇನು? ಪುಣ್ಯವಂತರಪ್ಪ, ಆ ಹಿಮದಾಗೂ ಬರಿಗಾಲಾಗ!" ಅಂದ್ಲು ಒಂದು ಮುದುಕಿ. ಚಪ್ಪಾಳಿ ಬಿತ್ತು ನೋಡ್ರಿ! ಬಾವುಟಕ್ಕ ಬಿದ್ದದ್ದಕ್ಕಿಂತ ಜೋರು! ಮಾಸ್ತರು ಒಂದು ಗಳಿಗಿ ಗಾಬರಿ ಆದೋರು ಆ ಚಪ್ಪಾಳಿ ಕೇಳಿ ಎದಿ ಮುಂದ ಮಾಡಿದ್ರು. "ಹೌದು, ನಮ್ಮ ಸಂಸ್ಕೃತಿ ಎಲ್ಲಿ ಹೋದ್ರೂ..."

ನನ್ನ ತಲಿಗೆ ಏರಿತು. "ಎಷ್ಟೊತ್ತು ನಿಂತ್ವಿ ಹೇಳ್ರಿ ಸರ್!" ಅಂದೆ ಪ್ರೊಜೆಕ್ಟರಿನ ಹಿಂದಿನಿಂದ.

"ಐದು ನಿಮಿಷ. ಮುಂದಿಂದು ಹಾಕು."

"ಅರ್ಧ ತಾಸು ಸರ್. ದೋರ್ಜೆ ಬಿಚ್ಚಬ್ಯಾಡ್ರಿ ಅಂತ ಬಾಯಿ ಬಡಕೊಂಡ. ಒಂದು ಕಡ್ಡಿಪೆಟ್ಟಿಗಿ ಪೂರ್ತಿ ಗೀರಿದ್ರಿ."

"ಏ ಕೊಟ್ರಾ, ಮುಂದಿಂದು ಹಾಕು ಅಂದೆ!"

"ಹಾಕಂಗಿಲ್ಲ ಸರ್."

"ಮಾವನ ವಕಾಲತ್ತಿಗೆ ನಿಂತಾನ" ಅಂದ ಒಬ್ಬ. ನಾಕು ಮಂದಿ ನಕ್ರು. "ಅವನ ಮಾತು ಏನು ಕೇಳ್ತೀರಿ, ಅವರ ಅಂಗಡಿ ಅದು."

ಸ್ಲೈಡು ಜಾಸ್ತಿ ಹೊತ್ತು ಬಲ್ಬಿನ ಮುಂದ ಇಟ್ರ ಸುಡ್ತೈತಿ. ನನಗ ಗೊತ್ತಿತ್ತು. ವಾಸನಿ ಬರಾಕ ಹತ್ತಿತ್ತು. ಇದೊಂದ ಪುರಾವಿ, ತಗದ್ರ ಮುಗೀತು, ಬಿಟ್ರ ಸುಟ್ಟು ಹೋಗ್ತೈತಿ. ತಗೀಲಿಲ್ಲ. ಬೇಕಂತ ತಗೀಲಿಲ್ಲ.

ಆಗ ಮುಂದಿನ ಸಾಲಿನಾಗ ಟಕ್ ಅಂತ ಕೋಲಿನ ಸಪ್ಪಳ. ಏಕಾಂತಪ್ಪ ಎದ್ದಿದ್ದ. ಕುಂಟಿಕೋತ ಪರದೆ ಹತ್ರ ಹೋದ. ಅವನ ನೆರಳು ಗುಡ್ಡದಷ್ಟು ಆಗಿ ಮಾಸ್ತರ ಮಾರಿ ಮ್ಯಾಲ ಬಿತ್ತು. ಕೋಲು ಎತ್ತಿ ಒಂದು ಜೊತಿ ಮುಟ್ಟಿದ.

"ಎಡಗಡಿಂದ ಮೂರನೇದು ನಂದು" ಅಂದ. "ಮರದಷ್ಟು ಅಗಲ ಐತಲ್ಲ, ಅದ. ನನ್ನ ಬೆರಳು ಹೋದ ಹೊತ್ತಿನಾಗ ಬೂಟು ಇಲ್ಲಿತ್ತು. ಕಾಲು ಅಲ್ಲಿತ್ತು." ಕೋಲು ಬೂಟಿನಿಂದ ಕಲ್ಲುಗುಪ್ಪಿಗೆ ಹೋತು. ಹೆಣ್ಣುಮಕ್ಕಳ ಸಾಲಿನಾಗ ಕುಂತ ಅವರವ್ವನ ಕಡಿ ತಿರುಗಿದ. "ಅವ್ವಾ, ಐದು ಸುತ್ತು ನಾನ ಹಾಕಿದೆ. ದೇವರು ಕೇಳಿದ್ದಿಲ್ಲ, ನಾನ ಹೊತ್ತಿದ್ದೆ. ಬಿಚ್ಚು ಅಂದೋರು ಇವರು. ಬೂಟು ಏನೂ ಮಾಡಿಲ್ಲ."

ಅಷ್ಟರಾಗ ಪರದೆ ನಡುವ ಕಂದು ಬಣ್ಣದ ಗುಳ್ಳಿ ಎದ್ದು, ಅಗಲ ಆಗಿ, ಬೂಟು, ಹಿಮ, ನಾವು ಎಲ್ಲಾ ಸುಟ್ಟು ಹೋದ್ವಿ. ಬರೇ ಬಿಳಿ ಬೆಳಕು ಉಳೀತು. ಈ ಸಲ ಯಾರೂ ಚಪ್ಪಾಳಿ ಹೊಡೀಲಿಲ್ಲ. ಕಂಬಳಿ ಸರಿಸಿದಾಗ ಹಿಂದ ತಿರುಗಿ ನೋಡಿದೆ. ಮಾವ ಎದ್ದು ಹೋಗಿದ್ದ.

ಆಮ್ಯಾಲೂ ಮಾಸ್ತರಿಗೆ ಶಾಲು ಹೊದಿಸಿದ್ರು ಅಂತ ಹೇಳಿದ್ರ ನಂಬ್ತೀರೇನ್ರಿ? ಮೊದಲ ತರಿಸಿಟ್ಟಿದ್ರಂತ, ವೇಸ್ಟ್ ಆಗಬಾರದಂತ!

ಮರುದಿನ ಮುಂಜಾನಿ ಅನ್ನದಾನಮ್ಮ ತಾನ ಅಂಗಡಿ ಮುಂದ ಬಂದ್ಲು. ಹಿಂದ ಏಕಾಂತಪ್ಪ. ಆಕಿ ಸೆರಗಿನಾಗ ಕಟ್ಟಿಕೊಂಡು ಬಂದದ್ದು ಆ ಬೂಟು. ಮಗ ಮಾಳಗಿ ಮ್ಯಾಲ ಒಗದಿದ್ನಂತ, ಆಕಿ ಇಳಿಸಿ ಒರಸಿ ಇಟ್ಟಿದ್ಲು. ಕಾಲು ಹಿಡದದ್ದನ್ನ ಒಗೀಬಾರದು ಅಂತ.

"ನೋಡಣ್ಣ" ಅಂದ್ಲು. ಅಣ್ಣ ಅಂದ್ಲು. ಅಷ್ಟ ಅಂದ್ಲು.

ಮಾವ ಬೂಟು ತೊಡಿ ಮ್ಯಾಲ ಇಟಗೊಂಡು, ತಳದಿಂದ ಬಾಯಿತನಾ ಹೊಲಿಗಿ ಮ್ಯಾಲ ಬೆರಳು ಎಳದ. ಒಂದೊಂದಾಗಿ. ಎಡಗಾಲಿನ ಬೂಟಿನ ಒಳಗ ಕೈ ಹಾಕಿ ಕಿರಿಬೆರಳಿನ ಜಾಗ ಮುಟ್ಟಿ ನೋಡಿದ. ನೀರು ಹೋದ ಗುರುತ ಇರಲಿಲ್ಲ. ಅಲ್ಲಿತನಾ ಈ ಬೂಟಿನ ಬಗ್ಗೆ ಒಂದು ಮಾತು ಸಿಟ್ಟಿಲೆ ಆಡದೋನು ಒಮ್ಮಿಂದೊಮ್ಮೆ ಬೂಟು ಎತ್ತಿ ಕಲ್ಲಿಗೆ ಅಪ್ಪಳಿಸಿದ. ಏಕಾಂತಪ್ಪ ಬೆಚ್ಚಿ ಹಿಂದ ಸರದ.

"ಇದು ಕಾಲಾಗ ಇದ್ದಿದ್ರ ಬೆರಳು ಉಳೀತಿದ್ವಲ್ರೋ! ಎರಡು ಕಾಲುಚೀಲಕ್ಕ ಜಾಗ ಬಿಟ್ಟಿದ್ನಲ್ಲೋ ಸಾವಕಾರ! ಎರಡು ತಿಂಗಳು ನಿನ್ನ ಕಾಲು ಬೆಚ್ಚಗಿರ್ಲಿ ಅಂತ ಕುಂತು ಹೊಲಿದೆ, ನೀವು ಅದನ್ನ ಹಿಮದ ಮ್ಯಾಲ ಸಾಲಾಗಿ ನಿಂದ್ರಿಸಿದ್ರಿ! ನನ್ನ ಬೂಟು ದೇವರಿಗೆ ಬ್ಯಾಡಾದ್ರ ಬ್ಯಾಡ ಬಿಡ್ರೋ, ನಿನ್ನ ಬೆರಳಿಗೆ ಬೇಕಿತ್ತಲ್ಲೋ!"

ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡ ತಿರುಗಿ ನೋಡ್ತು. ಏಕಾಂತಪ್ಪ ಮಕ್ಕಳಂಗ ಅತ್ತ. ಮಾವನಿಗೂ ಕಣ್ಣೀರು, ಅದ್ರಾಗ ಪೇಪರ್ ಹುಡುಕಾಕ ಹತ್ತಿದ್ದ.

"ನಿಂದ್ರು. ಎಡಗಾಲು ಇಡು. ನಡಕೋತ ಬಂದಿ ಏನು?"

"ಹೂಂ."

"ಎಷ್ಟು?"

"ಮನಿಯಿಂದ."

"ಸಾಲಂಗಿಲ್ಲ. ಐದು ಮೈಲಿ ನಡದು ಸಂಜಿಗೆ ಬಾ. ಕುಂಟಿಕೋತ ಬಾ, ಪರವಾಗಿಲ್ಲ."

ಹಾಲಸ್ವಾಮಿ ಹದಿನೈದು ದಿನಕ್ಕ ಬಂದ. ನಲವತ್ತಲ್ಲ, ಹನ್ನೆರಡು ಜೊತಿ ಹೇಳಿದ. ಮಿಕ್ಕಿದ್ದು ನಮ್ಮ ಕಮಿಟಿ ಒಪ್ಪಲಿಲ್ಲ ಕಣಪ್ಪ ಅಂದ, ಮಾತು ಒಂದ್ಸಲ ಊರು ಸುತ್ತಿದ್ರೆ ಏನ್ಮಾಡೋದು ಅಂದ. ಹೌದು, ಏನು ಮಾಡೋದು! ಸುಳ್ಳಿಗೆ ಬಸ್ಸು ಸಿಗ್ತಾವ, ಖರೆ ಮಾತು ಐದು ಮೈಲಿ ಕುಂಟಿಕೋತ ಬರಬೇಕು.

ಬಳಗದಾಗಿಂದ ನನ್ನ ಹೆಸರು ತಗದ್ರು. ಸ್ಲೈಡ್ ಸುಟ್ಟದ್ದಕ್ಕಂತ. ಉಜ್ಜಿನಪ್ಪ ಮಾಸ್ತರು ಇವತ್ತಿನತನಾ ಬೂಟಿನ ಬಗ್ಗೆ ಒಂದು ಮಾತು ವಾಪಸ್ ತಗೊಂಡಿಲ್ಲ.

ಮಾವ ಏಕಾಂತಪ್ಪನ ಆ ಹಳೇ ಬೂಟು ಅಂಗಡಿ ಮುಂದಿನ ಮೊಳಿಗೆ ನೇತು ಹಾಕ್ಯಾನ. ಮಾಸ್ತರು ಶಾಲಿಗೆ ಹೋಗೋ ದಾರಿ ಅದು, ದಿನಾ ಎರಡು ಸಲ ಅದರ ಮುಂದ ಹಾಯಬೇಕು. ಮೊದಲು ಈ ಕಡಿ ನಡೀತಿದ್ರು, ಈಗ ರಸ್ತಿ ದಾಟಿ ಆ ಕಡಿ ನಡೀತಾರ. ಬೂಟಿನ ಮೂತಿ ಆ ಕಡಿಗೆ ತಿರುಗಿಸಿ ಕಟ್ಟಿದೋಳು ನಮ್ಮತ್ತಿ.

ಬಸ್ಸಿಗೆ ಕಾಯೋರು ಯಾರಾರ "ಎಷ್ಟಕ್ಕ ಕೊಡ್ತೀಯಪಾ ಆ ಬೂಟು?" ಅಂತ ಕೇಳಿದ್ರ ಮಾವ ದಬ್ಬಳದಿಂದ ತಲಿ ಎತ್ತಲಾರದ ಹೇಳ್ತಾನ: "ಮಾರಾಕಲ್ರಿ. ಮಾಸ್ತರು ಬಂದು ಎಲ್ಲಿ ಹರದೈತಿ ತೋರಸ್ಬೇಕು. ಅದಕ್ಕ ಇಟ್ಟೀನಿ."